ತುಕ್ಕುವಿನ ಕೋಣೆಗೆ ಒಂದೇ ಕೀಲಿಕೈ

ಅಕ್ಟೋಬರ್ ೬, ಸೋಮವಾರ

ಈ ಪುಸ್ತಕ ನಾಯಿಯದು, ನನ್ನದಲ್ಲ. ಅದನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ. ದಿನಚರಿ ಬರೆಯುವ ಚಾಳಿ ನನಗೆ ಶಾಲೆಗೆ ಹೋಗುವಾಗಲೂ ಇರಲಿಲ್ಲ.

ಇವತ್ತು ತುಕ್ಕುವನ್ನು ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋಗಿದ್ದೆ. ಮೈಯಲ್ಲಿ ಕಾಯಿಲೆ ಏನೂ ಇಲ್ಲ, ಬರೀ ಹೆದರಿಕೆ ಎಂದರು. ರಜೆಗೆ ಮನೆ ತುಂಬ ಜನ ಬರುತ್ತಾರೆ, ಹೋದ ವರ್ಷ ಭಾವನ ಪ್ಯಾಂಟು ಹರಿದು ಹಾಕಿದ, ಈ ವರ್ಷ ಏನು ಮಾಡಲಿ ಎಂದು ಕೇಳಿದೆ.

"ಒಂದು ಕೋಣೆ ಅವನಿಗೇ ಬಿಟ್ಟುಬಿಡಿ. ಕತ್ತಲೆ ಮಾಡಿ, ಸದ್ದಿಲ್ಲದ ಹಾಗೆ ನೋಡ್ಕೊಳ್ಳಿ. ಯಾವಾಗ ನಡುಗ್ತಾನೆ, ಯಾವಾಗ ಸುಮ್ಮನಾಗ್ತಾನೆ ಅಂತ ದಿನಾ ಬರೆದಿಡಿ."

"ನಿಮಗೆ ತಂದು ತೋರಿಸ್ಬೇಕಾ?"

"ಬೇಡ. ನೀವೇ ಓದ್ಕೊಂಡ್ರೆ ಸಾಕು."

ಹಾಗಾಗಿ ಬರೆಯುತ್ತಿದ್ದೇನೆ. ಇವತ್ತು ನಡುಕ: ಇಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಅಂಗಡಿಯಲ್ಲಿ ನನ್ನ ಬೆಂಚಿನ ಕೆಳಗೆ ಬಿದ್ದುಕೊಂಡು ಗೊರಕೆ ಹೊಡೆದ. ಮೂರು ವರ್ಷದ ಹಿಂದೆ ಬೀದಿಯಿಂದ ಬಂದು ಅದೇ ಬೆಂಚಿನ ಕೆಳಗೆ ನುಗ್ಗಿದವನು ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಹಳೆಯ ಬೀಗದ ಬಣ್ಣ, ಅದಕ್ಕೇ ಆ ಹೆಸರು. ಅಪ್ಪ ನಡೆಸುತ್ತಿದ್ದ ಬೀಗದ ಅಂಗಡಿಯನ್ನೇ ನಾನು ನಡೆಸುತ್ತಿರುವುದು. ಅಪ್ಪ ಹೋಗಿ ಹನ್ನೊಂದು ವರ್ಷ. ಮನೆಯಲ್ಲಿ ನಾನು, ತುಕ್ಕು, ಇಬ್ಬರೇ. ಇಬ್ಬರೂ ಚೆನ್ನಾಗಿದ್ದೇವೆ.

ಅಕ್ಟೋಬರ್ ೭, ಮಂಗಳವಾರ

ಅಕ್ಕ ಫೋನ್ ಮಾಡಿದ್ದಳು. ಶನಿವಾರ ಬರುತ್ತಾರಂತೆ. ಅವಳು, ಭಾವ, ತಮ್ಮ, ತಮ್ಮನ ಹೆಂಡತಿ, ಜೊತೆಗೆ ಈ ಸಲ ಸೋದರತ್ತೆಯೂ. ಎಂಟು ದಿನ. ಗುರುವಾರ ಮಧ್ಯಾಹ್ನ ದೊಡ್ಡಪ್ಪನ ಮಕ್ಕಳು, ಭಾವನ ಗೆಳೆಯರು, ಎಲ್ಲ ಸೇರಿ ಹದಿನಾರು ಜನರ ಊಟ. ನನ್ನನ್ನು ಕೇಳಲಿಲ್ಲ, ತಿಳಿಸಿದಳು.

"ಊರಾಚೆ ನಾಯಿ ನೋಡ್ಕೊಳ್ಳೋ ಜಾಗ ಇದೆಯಂತೆ. ನಿಮ್ಮ ಭಾವ ವಿಚಾರಿಸಿದ್ದಾರೆ. ಎಂಟು ದಿನ ಅದನ್ನ ಅಲ್ಲಿ ಬಿಡು," ಎಂದಳು.

"ಅಷ್ಟು ಚೆನ್ನಾಗಿದ್ರೆ ಭಾವನ್ನೇ ಅಲ್ಲಿ ಬಿಟ್ಟು ಬಾ," ಎಂದೆ.

ಅವಳು ನಗಲಿಲ್ಲ. ಮನೆ ಮೂವರ ಹೆಸರಿನಲ್ಲಿದೆ ಎಂದು ನೆನಪಿಸಿದಳು. ನೆನಪಿಸುವ ಅಗತ್ಯವಿರಲಿಲ್ಲ. ಕೊನೆಗೆ ಆದ ಮಾತು ಇದು: ನಾಯಿ ಒಂದೇ ಒಂದು ಸಲ ಯಾರ ಮೇಲಾದರೂ ಹಾರಿದರೆ, ಇಲ್ಲವೇ ಬೊಗಳಿ ರಂಪ ಮಾಡಿದರೆ, ಅದು ಈ ಮನೆಯಲ್ಲಿ ಇರುವ ಹಾಗಿಲ್ಲ. ಭಾವನ ಗೆಳೆಯನೊಬ್ಬನ ಗೋದಾಮಿಗೆ ಕಾವಲು ನಾಯಿ ಬೇಕಂತೆ. ಕಟ್ಟಿಹಾಕಲು ಸರಪಣಿಯೂ ಸಿದ್ಧವಿದೆಯಂತೆ.

ತನ್ನ ಬಾಲ ಬಾಗಿಲಿಗೆ ಬಡಿದರೆ ತಾನೇ ಹಾರಿಬೀಳುವ ನಾಯಿ ಅದು. ಗೋದಾಮು ಕಾಯುತ್ತದಂತೆ.

"ಆಯ್ತು," ಎಂದೆ. ಹಟಕ್ಕೆ ಬಿದ್ದು ಹೇಳಿದ್ದು. ಇರಲಿ. ಬರಲಿ ಎಲ್ಲರೂ, ನೋಡೇಬಿಡುತ್ತೇನೆ.

ಅಕ್ಟೋಬರ್ ೯, ಗುರುವಾರ

ನನ್ನ ಮಲಗುವ ಕೋಣೆಯನ್ನೇ ತುಕ್ಕುಗೆ ಕೊಟ್ಟೆ. ಕಿಟಕಿಗೆ ಎರಡು ಕಂಬಳಿ. ಮೂಲೆಯಲ್ಲಿ ಅವನ ಚಾಪೆ, ನೀರಿನ ಬಟ್ಟಲು. ಅಂಗಡಿಗೆ ಎಂಟು ದಿನ ರಜೆ ಹಾಕಿ, ಸಾಮಾನಿನ ಪೆಟ್ಟಿಗೆ ತಂದು ಮಂಚದ ಪಕ್ಕ ಇಟ್ಟೆ.

ಬಾಗಿಲಿಗೆ ಹೊಸ ಬೀಗ ಕೂರಿಸಿದೆ. ನಾನೇ ಮಾಡಿದ್ದು, ಇಡೀ ಮಧ್ಯಾಹ್ನ ಹಿಡಿಯಿತು. ಒಳಗಿನ ಚಿಲಕವನ್ನು ಬಿಚ್ಚಿಹಾಕಿದೆ, ಯಾಕೆಂದರೆ ತುಕ್ಕು ಪಂಜದಿಂದ ಅದನ್ನು ಜಾರಿಸಲು ಕಲಿತಿದ್ದಾನೆ. ಈಗ ಒಳಗಿನಿಂದಾಗಲಿ ಹೊರಗಿನಿಂದಾಗಲಿ ಕೀಲಿಕೈ ಇಲ್ಲದೆ ಆ ಬಾಗಿಲು ತೆರೆಯುವುದಿಲ್ಲ. ಈ ಊರಿನಲ್ಲಿ ಆ ಬೀಗ ಬಿಡಿಸುವವರು ನನ್ನ ಬಿಟ್ಟರೆ ಇನ್ನೊಬ್ಬರಿಲ್ಲ. ಒಂದೇ ಕೀಲಿಕೈ ಮಾಡಿದ್ದೇನೆ, ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದೇನೆ.

ನಡುಕ: ಸುತ್ತಿಗೆ ಸದ್ದಿಗೆ ಎರಡು ನಿಮಿಷ. ಆಮೇಲೆ ಅರ ಹಿಡಿದು ಕೀಲಿಕೈಯ ಹಲ್ಲು ಉಜ್ಜುತ್ತಿದ್ದಾಗ ಮಲಗಿಬಿಟ್ಟ.

ಅಕ್ಟೋಬರ್ ೧೧, ಶನಿವಾರ

ಬಂದರು.

ಭಾವನ ನಗು ಬೀದಿಯ ತಿರುವಿನಲ್ಲೇ ಕೇಳಿಸಿತು. ಆ ಮನುಷ್ಯನಿಗೆ ಮೆಲ್ಲಗೆ ನಗಲು ಬರುವುದೇ ಇಲ್ಲ. ಕಾರಿನ ಬಾಗಿಲು ನಾಲ್ಕು ಸಲ ಬಡಿದ ಸದ್ದು. ನಾನು ತುಕ್ಕುವನ್ನು ಕೋಣೆಗೆ ತಳ್ಳಿ ಬೀಗ ಹಾಕಿದೆ.

"ನಮಗಿಂತ ಮುಂಚೆ ನಾಯಿಗೆ ರೂಮು ಬುಕ್ ಆಗಿದೆ," ಎಂದು ಭಾವ ತಮಾಷೆ ಮಾಡಿದರು.

"ಅವನು ವರ್ಷವಿಡೀ ಇಲ್ಲೇ ಇರ್ತಾನಲ್ಲ ಭಾವ," ಎಂದೆ. ಅಕ್ಕ ಮುಖ ಗಂಟಿಕ್ಕಿದಳು.

ಅತ್ತೆಗೆ ವಯಸ್ಸಾಗಿದೆ. ಅಪ್ಪನ ಒಬ್ಬಳೇ ತಂಗಿ. ಕೈಚೀಲ ಮಡಿಲಲ್ಲಿಟ್ಟುಕೊಂಡು ಹಜಾರದ ಮೂಲೆಯ ಕುರ್ಚಿಯಲ್ಲಿ ಕೂತರು. ಎಲ್ಲರೂ ಸರದಿಯ ಮೇಲೆ ಬಂದು ಅವರ ಕಿವಿಯ ಹತ್ತಿರ ಜೋರಾಗಿ ಕ್ಷೇಮ ವಿಚಾರಿಸಿದರು. ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ನಡುಕ: ಮಧ್ಯಾಹ್ನದಿಂದ ಸುಮಾರು ನಾಲ್ಕು ಗಂಟೆ. ಊಟ ಮುಟ್ಟಿಲ್ಲ.

ಅಕ್ಟೋಬರ್ ೧೨, ಭಾನುವಾರ

ಕತ್ತಲೆ, ನಿಶ್ಶಬ್ದ ಎಂದರು ವೈದ್ಯೆ. ಕೋಣೆ ಎಷ್ಟು ಸದ್ದಿಲ್ಲದೆ ಇರುತ್ತದೋ ಹಜಾರದ ಒಂದೊಂದು ನಗುವೂ ಅಷ್ಟು ಜೋರಾಗಿ ಬಂದು ಬೀಳುತ್ತದೆ. ತುಕ್ಕು ಪ್ರತಿ ಸಲ ಬೆಚ್ಚುತ್ತಾನೆ. ಬೊಗಳಿಲ್ಲ ಮಾತ್ರ. ಬಾಯಿ ತೆರೆಯುತ್ತಾನೆ, ನಾನು ಮೂತಿ ಹಿಡಿದುಕೊಳ್ಳುತ್ತೇನೆ.

ಬೆಳಗ್ಗೆಯಿಂದ ಅವನ ಜೊತೆಯಲ್ಲೇ ಕೂತಿದ್ದೆ. ಅವನಿಗೋಸ್ಕರ. ತಮ್ಮ ಬಾಗಿಲು ತಟ್ಟಿದ.

"ಚಿಕ್ಕಕ್ಕಾ, ಊಟಕ್ಕೆ ಬಾ. ಎಲ್ಲ ಕಾಯ್ತಿದ್ದಾರೆ."

"ತುಕ್ಕು ಬಿಡ್ತಿಲ್ಲ ಕಣೋ. ತಟ್ಟೆ ಇಲ್ಲಿಗೇ ಕೊಡು."

"ಹೋದ ವರ್ಷಾನೂ ಹೀಗೇ ಮಾಡ್ದೆ."

"ಹೋದ ವರ್ಷಾನೂ ಅವನು ಬಿಡಲಿಲ್ಲ."

ತಟ್ಟೆ ಕೊಟ್ಟು ಹೋದ. ಸಂಜೆ ಟೀ ಕುಡಿಯಲು ಹೊರಗೆ ಬಂದಾಗ ಅತ್ತೆ ನನ್ನ ಕೈ ಹಿಡಿದು ಕೂರಿಸಿಕೊಂಡು, "ನಿನ್ನ ಕೋಣೇಲಿ ಒಳ್ಳೇ ಕತ್ತಲೆ ಅಂತೆ. ಪುಣ್ಯ ಮಾಡಿದ ನಾಯಿ," ಎಂದರು. ನಾನು ಬಿಸ್ಕತ್ತು ಕೊಟ್ಟೆ.

ಅಕ್ಟೋಬರ್ ೧೩, ಸೋಮವಾರ

ನಡುಕ: ಎಷ್ಟು ಹೊತ್ತು ಎಂದು ಬರೆಯಲಾಗದು, ನಿಂತರೆ ತಾನೇ ಬರೆಯುವುದು.

ಇನ್ನು ಆರು ದಿನ.

ಅಕ್ಟೋಬರ್ ೧೪, ಮಂಗಳವಾರ

ಕೈ ಇನ್ನೂ ಅದುರುತ್ತಿದೆ. ಸಿಟ್ಟಿಗೆ. ಮೊದಲಿನಿಂದ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿದರು. ಔಷಧಿ ಕಪಾಟಿನ ಬೀಗದೊಳಗೆ ಕೀಲಿಕೈ ಮುರಿದುಕೊಂಡಿದೆ, ಬೇಗ ಬನ್ನಿ ಎಂದರು. ಇದಕ್ಕೆ ರಜೆ ಎನ್ನಲಾಗುವುದಿಲ್ಲ. ತುಕ್ಕುವನ್ನು ಹಿತ್ತಲಲ್ಲಿ ಓಡಾಡಿಸಿಕೊಂಡು ಬಂದು ಕೋಣೆಗೆ ಬಿಟ್ಟೆ, ಬೀಗ ಹಾಕಿದೆ, ಸಣ್ಣ ಚೀಲ ತೆಗೆದುಕೊಂಡು ಹೊರಟೆ. ಎರಡು ಗಂಟೆ ಹಿಡಿಯಿತು.

ವಾಪಸು ಬಂದಾಗ ನನ್ನ ಕೋಣೆಯ ಮುಂದೆ ಎಲ್ಲರೂ ಗುಂಪುಗೂಡಿದ್ದರು. ಭಾವನ ಕೈಯಲ್ಲಿ ಸುತ್ತಿಗೆ. ಬಾಗಿಲಿನ ಬಣ್ಣ ಕಿತ್ತು ಬಂದಿತ್ತು. ಬೀಗಕ್ಕೆ ಒಂದು ಗೀರೂ ಆಗಿರಲಿಲ್ಲ.

"ಅತ್ತೆ ಒಳಗಿದ್ದಾರೆ," ಎಂದ ತಮ್ಮ. ಅವನ ಮುಖ ಬಿಳಿಚಿತ್ತು. "ನಾಯಿ ಜೊತೆ. ನೀನು ಬೀಗ ಹಾಕ್ಕೊಂಡು ಹೋಗಿದ್ದೀಯ."

ನಾನು ಹಿತ್ತಲಲ್ಲಿದ್ದಾಗ ಅತ್ತೆ ಮೆಲ್ಲಗೆ ಒಳಗೆ ಹೋಗಿ ಮಂಚದ ಮೇಲೆ ಮಲಗಿದ್ದಾರೆ. ಕತ್ತಲೆಯಲ್ಲಿ ನಾನು ನೋಡಲೇ ಇಲ್ಲ. ಎರಡು ಗಂಟೆ ಆ ಮುದುಕಿಯನ್ನು ಕೂಡಿಹಾಕಿದ್ದು ನಾನೇ. ಈ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಕುತ್ತಿಗೆಯ ದಾರ ಎಳೆದು ಬಾಗಿಲು ತೆರೆದೆ. ಕೈ ತಪ್ಪಿ ಕೀಲಿಕೈ ಮೂರು ಸಲ ಜಾರಿತು. ಇಪ್ಪತ್ತು ವರ್ಷದ ಕೆಲಸದಲ್ಲಿ ಹಾಗೆಂದೂ ಆಗಿರಲಿಲ್ಲ.

ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ನನ್ನ ಪೆಟ್ಟಿಗೆಯ ಅರ ಒಂದು ಕೈಯಲ್ಲಿ, ಹಲ್ಲು ಕೊಯ್ಯದ ಹಿತ್ತಾಳೆ ಕೀಲಿಕೈ ಇನ್ನೊಂದರಲ್ಲಿ. ಕರ್ ಕರ್ ಎಂದು ಉಜ್ಜುತ್ತಿದ್ದರು. ಮಡಿಲ ತುಂಬ ಹಿತ್ತಾಳೆ ಪುಡಿ. ಅವರ ಪಾದದ ಮೇಲೆ ಗದ್ದವಿಟ್ಟುಕೊಂಡು ತುಕ್ಕು ಗೊರಕೆ ಹೊಡೆಯುತ್ತಿದ್ದ.

"ಏನತ್ತೆ ಇದು?"

"ಎಚ್ಚರ ಆದಾಗ ಬಾಗಿಲು ಹಾಕಿತ್ತು. ಇದು ಮೂಲೇಲಿ ನಿಂತು ನಡುಗ್ತಿತ್ತು. ಒಂದು ಕೀ ಮಾಡ್ಕೊಂಡು ಹೊರಗೆ ಹೋಗೋಣ ಅಂತ ಉಜ್ಜೋಕೆ ಶುರು ಮಾಡ್ದೆ. ಉಜ್ಜಿದ್ದೇ ತಡ, ಬಂದು ಕಾಲ ಮೇಲೆ ಮಲಗ್ತು. ಆಮೇಲೆ ಹೊರಗೆ ಹೋಗೋ ಆಸೇನೇ ಹೋಯ್ತು."

"ನಾವು ಅಷ್ಟು ಕೂಗಿದ್ರೂ..." ಅಕ್ಕ ಅಳುವ ಹಾಗಿದ್ದಳು.

"ಸುಮ್ನಿರ್ರೋ ಅಂತ ನಾನೂ ಕೂಗ್ದೆ. ನೀವು ಕೂಗೋದು ಬಿಟ್ರೆ ತಾನೇ ನನ್ನದು ಕೇಳ್ಸೋದು." ಅತ್ತೆ ನನ್ನ ಕಡೆ ತಿರುಗಿದರು. "ಚಿಕ್ಕವಳಿದ್ದಾಗ ನಾನೂ ನಿಮ್ಮಪ್ಪನ ಬೆಂಚಿನ ಕೆಳಗೇ ಮಲಗ್ತಿದ್ದೆ. ಅವನು ಅರ ಉಜ್ಜೋದು ನಿಲ್ಲಿಸಿದ್ರೆ ಎಚ್ಚರ ಆಗ್ತಿತ್ತು."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೂರು ವರ್ಷದಿಂದ ಈ ನಾಯಿ ನನ್ನ ಕಾಲ ಕೆಳಗೆ ಮಲಗುತ್ತಿದೆ. ಅವನಿಗೆ ಅರದ ಸದ್ದಿಗೇ ನಿದ್ದೆ ಬರುವುದು ಎಂದು ಬೀಗದ ಕೆಲಸ ಮಾಡುವ ನನಗೆ ಹೊಳೆಯಲಿಲ್ಲ. ಸದ್ದಿಲ್ಲದ ಕೋಣೆ ಮಾಡಿಕೊಟ್ಟು ಅವನ ನಿದ್ದೆ ಕೆಡಿಸಿದವಳು ನಾನು.

ಭಾವ ಸುತ್ತಿಗೆ ಕೆಳಗಿಟ್ಟರು. "ಅದೆಲ್ಲ ಸರಿ. ಆದ್ರೆ ನಾನು ಬಾಗಿಲು ಹೊಡೆದಾಗ ಅದು ಬೊಗಳ್ತು. ಮನೆಯೆಲ್ಲ ಅದುರೋ ಹಾಗೆ ಬೊಗಳ್ತು. ಎಲ್ಲರೂ ಕೇಳಿದ್ದೀವಿ. ಮಾತು ಮಾತೇ."

ಅಕ್ಕ ಅತ್ತೆಯ ಮಡಿಲಿನ ಹಿತ್ತಾಳೆ ಪುಡಿ ಕೊಡವಿದಳು. ತಮ್ಮ ನೆಲ ನೋಡಿದ. ಗುರುವಾರದ ಊಟಕ್ಕೆ ಗೋದಾಮಿನವನು ಹೇಗೂ ಬರುತ್ತಾನೆ, ಹೋಗುವಾಗ ಕರೆದುಕೊಂಡು ಹೋಗುತ್ತಾನೆ ಎಂದು ಭಾವ ತೀರ್ಮಾನ ಮಾಡಿಬಿಟ್ಟರು.

ತುಕ್ಕು ಎದ್ದು ಮೈ ಮುರಿದು ನನ್ನ ಕೈ ನೆಕ್ಕಿದ. ಹಿತ್ತಾಳೆಯ ವಾಸನೆ.

ಕೊಡುವುದಿಲ್ಲ. ದೊಡ್ಡಕ್ಷರದಲ್ಲಿ ಬರೆಯುತ್ತೇನೆ. ಕೊಡುವುದಿಲ್ಲ.

ಅಕ್ಟೋಬರ್ ೧೫, ಬುಧವಾರ

ಬೆಳಗ್ಗೆಯಿಂದ ಕೋಣೆಯಲ್ಲಿ ಕೂತು ಅರ ಉಜ್ಜಿದೆ. ನಡುಕ: ಇಲ್ಲ. ಭಾವ ಎರಡು ಸಲ ನಕ್ಕರು, ಮಿಕ್ಸರ್ ಓಡಿತು, ಅಡುಗೆಮನೆಯಲ್ಲಿ ಪಾತ್ರೆ ಬಿತ್ತು. ತುಕ್ಕು ಕಣ್ಣೂ ಬಿಡಲಿಲ್ಲ.

ಹನ್ನೆರಡಕ್ಕೆ ಅಕ್ಕ ಬಂದಳು. "ಈ ಕರಕರ ನಿಲ್ಲಿಸ್ತೀಯಾ? ತಲೆ ಸಿಡೀತಿದೆ."

"ನಿಮ್ಮ ಮನೆಯವರು ನಗೋದು ನಿಲ್ಲಿಸಿದ ದಿನ ನಿಲ್ಲಿಸ್ತೀನಿ."

ಅವಳು ಹೋದಳು. ಬಾಗಿಲು ತೆರೆದೇ ಬಿಟ್ಟು ಹೋದಳು. ನಾನು ಎದ್ದು ಹಾಕಲಿಲ್ಲ, ಕೈಯಲ್ಲಿ ಕೆಲಸವಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಮಂಚದ ಮೇಲೆ ಮಲಗಿದರು. ಆಮೇಲೆ ತಮ್ಮನ ಹೆಂಡತಿ ತನ್ನ ಸೂಟ್‌ಕೇಸ್ ಎತ್ತಿಕೊಂಡು ಬಂದಳು. ಬೀಗ ಎರಡು ವರ್ಷದಿಂದ ಬಿಗಿದುಕೊಂಡಿದೆಯಂತೆ. ಬಿಡಿಸಿಕೊಟ್ಟೆ. ಒಳಗೆ ಒಂದು ಸ್ವೆಟರ್, ಅವಳು ಕಳೆದುಹೋಯಿತೆಂದು ಅತ್ತಿದ್ದಂತೆ. ಅವಳು ಅಲ್ಲೇ ಕೂತು ತಾನು ಕೆಲಸ ಮಾಡುವ ಗ್ರಂಥಾಲಯದ ಕಥೆಗಳನ್ನೆಲ್ಲ ಹೇಳಿದಳು. ತಮ್ಮನ ಮದುವೆಯಾಗಿ ಆರು ವರ್ಷ. ಅವಳಿಗೆ ಇಷ್ಟು ಮಾತು ಬರುತ್ತದೆಂದು ಗೊತ್ತಿರಲಿಲ್ಲ.

ಇದೆಲ್ಲ ಯಾಕೆ ಬರೆದೆ, ಇದು ನಾಯಿಯ ಪುಸ್ತಕ.

ಒಂದು ಯೋಚನೆ ಬಂದಿದೆ. ನಾಳೆ ಹದಿನಾರು ಜನ ಸೇರುತ್ತಾರೆ. ನಾಯಿಯನ್ನು ಬಚ್ಚಿಟ್ಟರೆ ಹೆದರಿದ ಹಾಗಾಗುತ್ತದೆ. ಅಂಗಡಿಯ ಬೆಂಚನ್ನೇ ಮನೆಗೆ ತರುತ್ತೇನೆ. ತಮ್ಮನಿಗೆ ಹೇಳಿದೆ.

"ಬೆಂಚಾ? ಆ ಭಾರದ್ದು? ಎಲ್ಲಿಗೆ?"

"ಹಜಾರದ ನಟ್ಟನಡುವೆ."

ಅವನು ಅಂಗಿ ತೋಳು ಮಡಚಿಕೊಂಡ.

ಅಕ್ಟೋಬರ್ ೧೬, ಗುರುವಾರ

ಬೆಂಚು ಹಜಾರದ ನಡುವೆ, ಕೀಲಿಕೈಯನ್ನು ಕಚ್ಚಿ ಹಿಡಿಯುವ ಅಪ್ಪನ ಕಾಲದ ವೈಸ್ ಅದರ ಮೇಲೆ. ಸೋಫಾ ಗೋಡೆಗೆ ಹೋಯಿತು. ಅಕ್ಕ ಹೂದಾನಿ ಹಿಡಿದುಕೊಂಡು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಇಡೀ ಮನೆ ಸುತ್ತಿದಳು. ಕೊನೆಗೆ ನನ್ನ ಬೆಂಚಿನ ಮೇಲೇ ಇಟ್ಟಳು. ನಾನು ಅರ ಹಿಡಿದು ಕೂತೆ. ತುಕ್ಕು ಬಾಲ ಕಾಲ ನಡುವೆ ಸೇರಿಸಿಕೊಂಡು ಬಂದ, ಬೆಂಚು ಮೂಸಿದ, ಕೆಳಗೆ ನುಗ್ಗಿ ಬಿದ್ದುಕೊಂಡ.

ಜನ ಬಂದರು. ಒಬ್ಬೊಬ್ಬರೂ ಬಾಗಿಲಲ್ಲಿ ನಿಂತು ಬೆಂಚು ನೋಡಿ ಕಣ್ಣರಳಿಸಿದರು. ದೊಡ್ಡಪ್ಪನ ಮಗ, "ಏನಿದು, ಊಟಕ್ಕೆ ಕರೆದು ಕೆಲಸ ಮಾಡ್ತಿದ್ದೀಯ?" ಎಂದ. ಮಾಡುತ್ತಿದ್ದೇನೆ, ನಿನಗೇನಾದರೂ ಕೀ ಬೇಕಾ ಎಂದೆ. ಬೇಕಿತ್ತಂತೆ. ಜೇಬಿನಿಂದ ತೆಗೆದುಕೊಟ್ಟ. ಅವನ ಹಿಂದೆ ಇನ್ನೊಬ್ಬರು. ನೋಡುತ್ತಿದ್ದ ಹಾಗೆ ಬೆಂಚಿನ ಸುತ್ತ ಏಳೆಂಟು ಜನ ಟೀ ಲೋಟ ಹಿಡಿದು ನಿಂತಿದ್ದರು. ಅವರ ಕಾಲುಗಳ ನಡುವೆ ತುಕ್ಕುವಿನ ಗೊರಕೆ.

ಒಂದು ಗಂಟೆಗೆ ಗೋದಾಮಿನವನು ಬಂದ. ದಪ್ಪನೆಯ ಮನುಷ್ಯ, ಹೆಗಲ ಮೇಲೆ ನಿಜವಾಗಿಯೂ ಸರಪಣಿ. ನನ್ನ ಕೈ ನಿಂತುಹೋಯಿತು. ಅರದ ಸದ್ದು ನಿಂತದ್ದೇ ತಡ, ತುಕ್ಕು ತಲೆ ಎತ್ತಿದ. ಗಂಟಲಲ್ಲಿ ಗುರ್ ಎಂಬ ಸದ್ದು ಶುರುವಾಗುತ್ತಿತ್ತು. ನಾನು ಮತ್ತೆ ಉಜ್ಜತೊಡಗಿದೆ. ಏನು ಉಜ್ಜಿದೆನೋ ದೇವರಿಗೇ ಗೊತ್ತು, ಆ ಕೀಲಿಕೈ ಯಾವ ಬೀಗಕ್ಕೂ ಬಾರದು.

"ಇದೇ ನಾಯಿ," ಎಂದರು ಭಾವ. "ಮಾತು ಆಗಿದೆ. ಬೊಗಳಿದ್ರೆ ಕೊಡೋದು ಅಂತ. ಮೊನ್ನೆ ಬೊಗಳ್ತು."

ಹದಿನಾರು ಜನ ನನ್ನನ್ನೇ ನೋಡುತ್ತಿದ್ದರು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಆದರೆ ಎದ್ದರೆ ಅರ ನಿಲ್ಲುತ್ತದೆ, ಅರ ನಿಂತರೆ ನಾಯಿ ಹೋಗುತ್ತದೆ. ಕೂತಲ್ಲೇ, ಉಜ್ಜುತ್ತಲೇ ಹೇಳಿದೆ.

"ಭಾವ, ಬಾಗಿಲಿಗೆ ಸುತ್ತಿಗೆ ಹೊಡೆದ್ರೆ ನೀವೂ ಬೊಗಳ್ತೀರಿ. ಅತ್ತೆ ಒಳಗಿರೋದನ್ನ ನೋಡದೆ ಬೀಗ ಹಾಕಿದ್ದು ನಾನು, ಒಳಗಿನ ಚಿಲಕ ಕಿತ್ತಿದ್ದೂ ನಾನು. ಈ ನಾಯಿ ಮಾಡಿದ್ದು ಏನೂ ಇಲ್ಲ. ಜನ ಅಂದ್ರೆ ಆಗದೇ ಇರೋದು ಅವನಿಗಲ್ಲ, ನನಗೆ. ಈ ಮನೇಲಿ ಗಲಾಟೆ ಆದ್ರೆ ಕೈಕಾಲು ನಡುಗೋದು ನನಗೆ. ಅಪ್ಪ ಹೋದ ಮೇಲೆ ನೀವೆಲ್ಲ ಬಂದು ನಕ್ಕು ಹೊರಟುಹೋಗ್ತೀರಿ, ಆಮೇಲೆ ಈ ಹಜಾರದಲ್ಲಿ ಒಂದು ವಾರ ನನಗೆ ಕೂರೋಕಾಗಲ್ಲ. ಅದನ್ನ ಹೇಳೋಕೆ ಬಾಯಿ ಬರದೆ ನಾಯಿ ಹೆಸರು ಹೇಳ್ತಿದ್ದೆ. ಇವತ್ತು ಬೊಗಳ್ತಿರೋದು ನಾನು. ಸರಪಣಿ ತಂದಿದ್ದಾರಲ್ಲ, ನನಗೆ ಹಾಕಿ ಕರ್ಕೊಂಡು ಹೋಗ್ಲಿ."

ಕರ್ ಕರ್ ಎಂಬ ಸದ್ದೊಂದೇ. ಗೋದಾಮಿನವನು ಬಗ್ಗಿ ಬೆಂಚಿನ ಕೆಳಗೆ ಇಣುಕಿದ. ತುಕ್ಕು ಆಗಲೇ ಮತ್ತೆ ಮಲಗಿ, ನಿದ್ದೆಯಲ್ಲಿ ಕಾಲು ಝಾಡಿಸುತ್ತಿದ್ದ.

"ಸ್ವಾಮಿ, ಇದು ಕಾವಲು ಕಾಯುತ್ತಾ?" ಎಂದು ಅವನು ಭಾವನನ್ನು ಕೇಳಿದ. "ಹದಿನಾರು ಜನ ತಲೆ ಮೇಲೆ ಓಡಾಡಿದ್ರೂ ಏಳಲಿಲ್ಲ. ಕಳ್ಳ ಬಂದ್ರೆ ಅವನಿಗೆ ಜಾಗ ಬಿಟ್ಟು ಮಲಗುತ್ತೆ. ನನಗೆ ಬೇಡ ಇದು."

ಮೊದಲು ನಕ್ಕದ್ದು ಅತ್ತೆ. ಆಮೇಲೆ ತಮ್ಮ. ಕೊನೆಗೆ ಭಾವನಿಗೂ ತಡೆಯಲಾಗಲಿಲ್ಲ, ಹೆಂಚು ಹಾರುವ ಹಾಗೆ ನಕ್ಕರು. ತುಕ್ಕುವಿನ ಒಂದು ಕಿವಿ ಅಲುಗಿತು, ಅಷ್ಟೇ.

"ಮೇಡಂ," ಎಂದ ಗೋದಾಮಿನವನು ಸರಪಣಿಯನ್ನು ಬೆಂಚಿನ ಮೇಲಿಟ್ಟು. "ಹೇಗೂ ತಂದಿದ್ದೀನಿ. ಇದರ ಬೀಗಕ್ಕೆ ಕೀ ಕಳೆದುಹೋಗಿದೆ. ಒಂದು ಮಾಡಿಕೊಡ್ತೀರಾ?"

ನಡುಕ: ತುಕ್ಕುಗೆ ಇಲ್ಲ.

ಅಕ್ಟೋಬರ್ ೧೭, ಶುಕ್ರವಾರ

ಬೆಂಚು ಅಲ್ಲೇ ಇದೆ. ಎತ್ತಲು ಯಾರಿಗೂ ಪುರುಸೊತ್ತಿಲ್ಲ. ಭಾವ ಬೆಳಗ್ಗೆ ಎರಡು ಸಲ ಅದಕ್ಕೆ ಮೊಣಕಾಲು ಬಡಿಸಿಕೊಂಡರು. ಬಾಗಿಲಿನ ಬಣ್ಣ ಕಿತ್ತುಹೋದ ಕಡೆ ತಾವೇ ಕೂತು ಹೊಸ ಬಣ್ಣ ಬಳಿದರು. ಬಣ್ಣ ಸ್ವಲ್ಪ ಬೇರೆಯೇ ಆಗಿದೆ, ನಾನು ಹೇಳಲು ಹೋಗಲಿಲ್ಲ. "ಅವನಿಗೆ ತಿಂಡಿ ಆಯ್ತಾ?" ಎಂದು ಕೇಳಿದರು. ಯಾರಿಗೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಪಾತ್ರೆ ಒರೆಸುವಾಗ ಅಕ್ಕ, "ನಿನಗೆ ಹಾಗಾಗುತ್ತೆ ಅಂತ ನನಗ್ಯಾಕೆ ಹೇಳಲಿಲ್ಲ?" ಎಂದಳು. ನೀನು ಕೇಳಲಿಲ್ಲ ಎಂದೆ. "ಬೀಗ ಹಾಕ್ಕೊಂಡ ಬಾಗಿಲನ್ನ ಏನಂತ ಕೇಳ್ಲಿ," ಎಂದಳು. ಈ ಹನ್ನೊಂದು ವರ್ಷದಲ್ಲಿ ಒಂದು ಇಡೀ ಊಟ ನನ್ನ ಮುಖ ನೋಡಿಕೊಂಡು ಮಾಡಿದ್ದು ನಿನ್ನೆಯೇ ಅಂತೆ. ಬೆಂಚು ಆ ಕಡೆಗೆ ತಿರುಗಿತ್ತು, ಅದಕ್ಕೇ ಇರಬೇಕು.

ಅಕ್ಟೋಬರ್ ೧೯, ಭಾನುವಾರ

ಹೋದರು. ಅಂತೂ ಮುಗಿಯಿತು.

ತುಕ್ಕು ಮನೆಯೆಲ್ಲ ಮೂಸಿಕೊಂಡು ತಿರುಗಿ, ಕೊನೆಗೆ ಭಾವ ಕೂರುತ್ತಿದ್ದ ಸೋಫಾದ ಮೂಲೆಗೆ ಹತ್ತಿ ಮಲಗಿದ. ನಾಯಿಗೆ ಎಳ್ಳಷ್ಟೂ ಮಾನವಿಲ್ಲ.

ಮಲಗುವ ಕೋಣೆಗೆ ಹೋದಾಗ ಗೊತ್ತಾಯಿತು, ಮಂಗಳವಾರದಿಂದ ಆ ಬೀಗ ಹಾಕಿಯೇ ಇಲ್ಲ. ಮರೆತಿರಬೇಕು. ಒಳಗಿನ ಚಿಲಕ ಮತ್ತೆ ಕೂರಿಸಿದೆ. ಕುತ್ತಿಗೆಯ ದಾರವೂ ಬೆವರಿಗೆ ಕೆರೆಯುತ್ತಿತ್ತು, ತೆಗೆದು ಮೊಳೆಗೆ ನೇತುಹಾಕಿದೆ.

ಮುಂದಿನ ವರ್ಷಕ್ಕೆ ನಿಯಮಗಳನ್ನು ಈಗಲೇ ಬರೆದಿಡುತ್ತೇನೆ, ಆಮೇಲೆ ಯಾರೂ ಬಾಯಿ ಮಾಡುವುದು ಬೇಡ. ಬರುವುದಾದರೆ ನನ್ನನ್ನು ಕೇಳಿ ಬರಬೇಕು. ಬೆಂಚು ಹಜಾರದಲ್ಲೇ ಇರುತ್ತದೆ. ಕರಕರ ಎಂದರೆ ತಲೆ ಸಿಡಿಯುವವರು ಹಿತ್ತಲಲ್ಲಿ ಕೂರಬಹುದು. ಭಾವ ನಗಬಹುದು, ಆದರೆ ನಾನು ಅರ ಹಿಡಿದು ಕೂತ ಮೇಲೆ. ಅತ್ತೆಗೆ ಈ ಯಾವ ನಿಯಮವೂ ಇಲ್ಲ. ಅವರು ಉಜ್ಜಿ ಹಾಳು ಮಾಡಿದ್ದ ಆ ಹಿತ್ತಾಳೆ ಕೀಲಿಕೈಯನ್ನೇ ತಿದ್ದಿ, ನಮ್ಮ ಮುಂಬಾಗಿಲಿಗೆ ಕೂರುವ ಹಾಗೆ ಹಲ್ಲು ಕೊಯ್ದು, ಕಾರು ಹತ್ತುವಾಗ ಅವರ ಕೈಚೀಲದಲ್ಲಿ ಹಾಕಿದೆ. ಯಾವಾಗ ಬೇಕಾದರೂ ಬರಲಿ, ತಟ್ಟುವುದು ಬೇಡ.

ನಡುಕ: ಸಂಜೆ, ಕಾರು ತಿರುವಿನಲ್ಲಿ ಮರೆಯಾದ ಮೇಲೆ, ಸುಮಾರು ಐದು ನಿಮಿಷ. ತುಕ್ಕು ಚೆನ್ನಾಗಿದ್ದಾನೆ.